ನಮ್ಮ ಸಂಘದಿಂದ ಯಾರಿಗೆ ಏನಾಯಿತು ಅಂತ ಅಳೆಯೋದು ಹೇಗೆ?

ಲೆಕ್ಕದ ಅಕ್ಕ (ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ಒಂದು ಮಹಿಳಾ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುತ್ತೇನೆ. ಹೆಸರು ಬೇಡ. ಮಂಡಕ್ಕಿ ಭಟ್ಟಿಗೆ ಹೋಗುವವರು, ಮನೆಗೆಲಸ ಮಾಡುವವರು, ತಳ್ಳುಗಾಡಿಯಲ್ಲಿ ತರಕಾರಿ ಮಾರುವವರು ನಮ್ಮ ಸದಸ್ಯರು. ಗಂಡ ತೀರಿಕೊಂಡವರು ಇದ್ದಾರೆ, ಅಂಗವಿಕಲರು ಇದ್ದಾರೆ. ಬ್ಯಾಂಕಿನ ಬಾಗಿಲಲ್ಲಿ ನಿಲ್ಲೋಕೂ ಹೆದರುವವರನ್ನು ಒಳಗೆ ತರಬೇಕು ಅಂತಲೇ ಸಂಘ ಶುರುವಾಗಿದ್ದು.

ಈಗ ಒಂದು ಕಂಪನಿಯವರು ಸಿಎಸ್‌ಆರ್ (ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ) ದುಡ್ಡಿನಲ್ಲಿ ಹೊಲಿಗೆ ಯಂತ್ರ, ರೊಟ್ಟಿ ಯಂತ್ರ ಕೊಡಿಸುತ್ತೇವೆ ಅಂದಿದ್ದಾರೆ. ಆದರೆ ಮೊದಲು ಸಂಘದ ‘ಸಾಮಾಜಿಕ ಪರಿಣಾಮ’ ಎಷ್ಟು ಅಂತ ವರದಿ ಕೊಡಬೇಕಂತೆ. ನಮ್ಮ ಹತ್ತಿರ ಇರೋದು ಸದಸ್ಯರ ಸಂಖ್ಯೆ, ಷೇರು, ಠೇವಣಿ, ಸಾಲ, ವಸೂಲಾತಿ. ಆಡಿಟ್‌ನಲ್ಲಿ ಎ ವರ್ಗ. ಅಧ್ಯಕ್ಷರು ‘ಇಷ್ಟೇ ಬರೆದು ಕೊಡಮ್ಮ, ಜೊತೆಗೆ ನಾಲ್ಕು ಫೋಟೋ ಹಾಕು’ ಅನ್ನುತ್ತಾರೆ.

ನನಗೆ ಅದು ಸರಿ ಅನ್ನಿಸುತ್ತಿಲ್ಲ. ಸದಸ್ಯರು ಜಾಸ್ತಿಯಾದರೆ ಒಳಗೆ ಬಂದರು ಅಂತ ಅರ್ಥವೇ? ನಿಮ್ಮ ಕಡೆ ಸಂಘಗಳಲ್ಲಿ ಇದನ್ನು ಹೇಗೆ ನೋಡುತ್ತೀರಿ?

ಮಿರ್ಚಿ ಮಂಡಕ್ಕಿ

ಫೋಟೋ ಅಂದರೆ ಹೊಲಿಗೆ ಯಂತ್ರದ ಹಿಂದೆ ಹತ್ತು ಹೆಂಗಸರು ನಿಂತಿರೋದು, ಮುಂದೆ ಹಾರ ಹಾಕಿಕೊಂಡು ಐದು ಗಂಡಸರು ಕೂತಿರೋದು, ಅಲ್ವಾ? ಪರಿಣಾಮ ಅದರಲ್ಲೇ ಗೊತ್ತಾಗುತ್ತದೆ ಬಿಡಿ ಅಕ್ಕ.

ಹರಿಹರದ ಹಳೇ ಆಡಿಟರ್

ನಗೋದು ಆಮೇಲೆ. ಸಹಕಾರ ಸಂಘ ಮೊದಲು ಒಂದು ವ್ಯವಹಾರ. ಅದು ನಡೆದರೆ ಮಾತ್ರ ಉಳಿದದ್ದು. 1904ರಲ್ಲಿ ಕಾಯ್ದೆ ಬಂತು, 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಸಂಘ ಕಟ್ಟಿದರು. ಯಾಕೆ? ಸಾಹುಕಾರರ ಬಡ್ಡಿಯಿಂದ ರೈತ ಪಾರಾಗಲಿ ಅಂತ. ಇವತ್ತಿಗೂ ನನ್ನ ಮೊದಲ ಪ್ರಶ್ನೆ ಅದೇ: ನಿಮ್ಮ ಸದಸ್ಯೆ ಹೊರಗೆ ಕಟ್ಟುತ್ತಿದ್ದ ಬಡ್ಡಿ ಎಷ್ಟು, ಈಗ ಎಷ್ಟು?

ಮೀಟರ್ ಬಡ್ಡಿಯವರು, ವಾರದ ಕಂತಿನವರು ನಿಮ್ಮ ಬೀದಿಗಳಲ್ಲಿ ಇನ್ನೂ ಓಡಾಡುತ್ತಿದ್ದಾರಾ ನೋಡಿ. ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು 2025ರಲ್ಲಿ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಸಂಘದ ಸಾಲ ತೀರಿಸಲು ಹೊರಗೆ ಸಾಲ ಮಾಡುವವರು ಇದ್ದರೆ ನಿಮ್ಮ ನೂರಕ್ಕೆ ನೂರು ವಸೂಲಾತಿಗೆ ನಾನು ಬೆಲೆ ಕೊಡುವುದಿಲ್ಲ.

ಇನ್ನೊಂದು. ಎ ವರ್ಗವನ್ನು ಹಗುರ ಮಾಡಬೇಡಿ. ಸುಸ್ತಿ, ಅಂದರೆ ವಾಯಿದೆ ಮೀರಿದ ಸಾಲದ ಬಾಕಿ, ಬೆಳೆದು ಸಂಘ ಮುಳುಗಿದರೆ ಮೊದಲು ಹೋಗೋದು ಬಡವರ ಪಿಗ್ಮಿ ದುಡ್ಡು. ದೊಡ್ಡ ಠೇವಣಿದಾರರಿಗೆ ಗಾಳಿ ಸುದ್ದಿ ಮುಂಚೆಯೇ ಸಿಕ್ಕಿರುತ್ತದೆ.

ಕೋಟೆನಾಡಿನ ಹುಡುಗ (ಚಿತ್ರದುರ್ಗ)

ಅಕ್ಕ, ಕಂಪನಿಯವರು ಬಹುಶಃ ಎಸ್‌ಆರ್‌ಒಐ ಕೇಳುತ್ತಾರೆ. ಅಂದರೆ ‘ಹಾಕಿದ ₹1ಕ್ಕೆ ಸಮಾಜಕ್ಕೆ ಎಷ್ಟು ರೂಪಾಯಿ ಬಂತು’ ಅನ್ನೋ ಲೆಕ್ಕ. 1990ರ ದಶಕದಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶುರುವಾಗಿದ್ದು. ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ) ಓದುವಾಗ ನಮಗೂ ಪಾಠ ಇತ್ತು.

ಅದರಲ್ಲಿ ಒಳ್ಳೆಯ ಭಾಗ ಕೊನೆಯ ಅಂಕಿ ಅಲ್ಲ, ಕಳೆಯುವ ಲೆಕ್ಕ. ಸಂಘ ಇಲ್ಲದಿದ್ದರೂ ಆಗಿಬಿಡುತ್ತಿದ್ದದ್ದನ್ನು ಕಳೆಯಬೇಕು. ಬೇರೆಯವರಿಂದ ಆದದ್ದನ್ನು ಕಳೆಯಬೇಕು. ನಮ್ಮವರಿಗೆ ಸಿಕ್ಕಿದ್ದು ಇನ್ನೊಬ್ಬರಿಂದ ಕಿತ್ತುಕೊಂಡದ್ದಾದರೆ ಅದನ್ನೂ ಕಳೆಯಬೇಕು. ವರ್ಷ ಕಳೆದಂತೆ ಎಷ್ಟು ಸವೆಯುತ್ತದೆ ಅಂತಲೂ ನೋಡಬೇಕು.

ನಮ್ಮ ರಾಜ್ಯದಲ್ಲಿ ಇದು ಎಷ್ಟು ಮುಖ್ಯ ನೋಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂತು, ಬಸ್ಸು ಫ್ರೀ. ಅದೇ ಆಗಸ್ಟ್‌ನಲ್ಲಿ ಗೃಹಲಕ್ಷ್ಮಿ ಬಂತು, ತಿಂಗಳಿಗೆ ₹2,000. 2022ಕ್ಕೂ 2024ಕ್ಕೂ ಹೋಲಿಸಿ ‘ನಮ್ಮ ಸದಸ್ಯೆಯರ ಕೈಯಲ್ಲಿ ದುಡ್ಡು ಜಾಸ್ತಿ ಓಡಾಡುತ್ತಿದೆ, ದೂರದ ಕೆಲಸಕ್ಕೂ ಹೋಗುತ್ತಿದ್ದಾರೆ, ಎಲ್ಲಾ ಸಂಘದ ಪುಣ್ಯ’ ಅಂತ ಬರೆದರೆ ಅದು ಸುಳ್ಳೇ. ಸದಸ್ಯರಲ್ಲದ ಪಕ್ಕದ ಮನೆಯವರಿಗೂ ಅಷ್ಟೇ ಆಗಿರುತ್ತದೆ. ಹಾಗಾಗಿ ಅದೇ ಓಣಿಯ ಸದಸ್ಯರಲ್ಲದ ಕೆಲವರನ್ನೂ ಕೇಳಿ. ದೊಡ್ಡ ಸಮೀಕ್ಷೆ ಏನೂ ಬೇಡ.

ಲೆಕ್ಕದ ಅಕ್ಕ (ದಾವಣಗೆರೆ)

ಗೃಹಲಕ್ಷ್ಮಿ ಮಾತು ನಿಜ ತಮ್ಮಾ. ನಮ್ಮಲ್ಲೇ ಸಾಲದ ಕಂತು ಆ ದುಡ್ಡು ಬಂದ ವಾರ ಜಾಸ್ತಿ ಜಮಾ ಆಗುತ್ತದೆ.

ಆದರೆ ರೂಪಾಯಿ ಲೆಕ್ಕಕ್ಕೆ ಸಿಗದ್ದನ್ನು ಏನು ಮಾಡೋದು? ಒಬ್ಬ ಸದಸ್ಯೆ ಮೊದಲು ಕೌಂಟರ್ ಹತ್ತಿರ ಬಂದು ಚೀಟಿಯನ್ನು ಸುಮ್ನೆ ಮುಂದೆ ಚಾಚುತ್ತಿದ್ದಳು. ಈಗ ‘ಹೋದ ತಿಂಗಳು ಬಡ್ಡಿ ಎರಡು ಸಲ ಹಿಡಿದಿದ್ದೀರಿ’ ಅಂತ ನನ್ನ ಜೊತೆ ಜಗಳಕ್ಕೆ ನಿಲ್ಲುತ್ತಾಳೆ. ಇದಕ್ಕೆ ಎಷ್ಟು ರೂಪಾಯಿ ಕಟ್ಟಲಿ?

ಹೊನ್ನಾಳಿ ಡೇರಿ

ಜಗಳವನ್ನೇ ಎಣಿಸಿ ಅಕ್ಕ. ತಮಾಷೆ ಅಲ್ಲ.

ನಾನು ಮಹಿಳಾ ಹಾಲು ಉತ್ಪಾದಕರ ಸಂಘದ ಕಾರ್ಯದರ್ಶಿ. ಶಿವಮೊಗ್ಗ, ದಾವಣಗೆರೆ, ಚಿತ್ರದುರ್ಗ ಮೂರಕ್ಕೂ ಒಂದೇ ಹಾಲು ಒಕ್ಕೂಟ, ಅದಕ್ಕೇ ನಾವು ಹಾಕೋದು. ನಮ್ಮಲ್ಲಿ ಕಾಗದದ ಮೇಲೆ ಸದಸ್ಯರೆಲ್ಲ ಹೆಂಗಸರು. ಆಡಳಿತ ಮಂಡಳಿ ಹೆಂಗಸರು. ಇಷ್ಟು ನೋಡಿದರೆ ನೂರಕ್ಕೆ ನೂರು.

ಈಗ ಬೆಳಿಗ್ಗೆ ಬಂದು ನೋಡಿ. ಸಗಣಿ ಬಾಚಿ, ಹಾಲು ಕರೆದು, ಕ್ಯಾನ್ ತರುವವಳು ಅವಳು. ಸ್ಯಾಂಪಲ್ ತೆಗೆದು ಫ್ಯಾಟ್ ನೋಡುವ ತನಕ ಕಾಯುವವಳೂ ಅವಳೇ. ದುಡ್ಡು ಅವಳ ಖಾತೆಗೇ ಹೋಗುತ್ತದೆ. ಎಟಿಎಂ ಕಾರ್ಡ್ ಮಾತ್ರ ಮಗನ ಜೇಬಿನಲ್ಲಿ.

ಬಟವಾಡೆ ಆದ ಮಾರನೇ ದಿನ ನಾನು ಹಾಲು ಅಳೆಯುತ್ತಾ ‘ಈ ಸಲ ಎಷ್ಟು ಬಂತು ಯಜಮಾನಿ?’ ಅಂತ ಕೇಳುತ್ತೇನೆ. ಕೆಲವರು ರೂಪಾಯಿ ಸಮೇತ ಹೇಳುತ್ತಾರೆ, ಜೊತೆಗೆ ಫ್ಯಾಟ್ ಕಮ್ಮಿ ಹಾಕಿದ್ದೀಯ ಅಂತ ಬೈಯುತ್ತಾರೆ. ಕೆಲವರು ‘ಹುಡುಗನ್ನ ಕೇಳ್ಬೇಕು’ ಅನ್ನುತ್ತಾರೆ. ‘ಹುಡುಗನ್ನ ಕೇಳ್ಬೇಕು’ ಅನ್ನುವವರು ವರ್ಷದಿಂದ ವರ್ಷಕ್ಕೆ ಕಮ್ಮಿ ಆಗುತ್ತಿದ್ದಾರಾ, ನಾನು ನೋಡೋದು ಅದನ್ನೇ. ಬ್ಯಾಂಕಿನ ಮೆಸೇಜ್ ಯಾರ ಮೊಬೈಲಿಗೆ ಬರುತ್ತದೆ ಅಂತ ಕೇಳಿದರೂ ಅರ್ಧ ಕಥೆ ಗೊತ್ತಾಗುತ್ತದೆ.

ಇನ್ನೊಂದು, ಠರಾವು ಪುಸ್ತಕ. ಪ್ರತಿ ಠರಾವಿನ ಕೆಳಗೆ ಸೂಚಕರು, ಅನುಮೋದಕರು ಅಂತ ಎರಡು ಹೆಸರು ಇರುತ್ತವಲ್ಲ, ವರ್ಷದ ಪುಸ್ತಕ ತೆಗೆದು ಆ ಹೆಸರು ಎಣಿಸಿ. ಬರೀ ಮೂರು ಮನೆಯ ಹೆಸರೇ ತಿರುಗಿ ತಿರುಗಿ ಬಂದರೆ ಸಂಘ ಆ ಮೂರು ಮನೆಯದ್ದು.

ಹರಿಹರದ ಹಳೇ ಆಡಿಟರ್

ಅಮ್ಮಾ, ಆ ಹೆಸರುಗಳನ್ನು ಎಷ್ಟೋ ಕಡೆ ಸಭೆ ಮುಗಿದ ಮೇಲೆ ಕಾರ್ಯದರ್ಶಿಯೇ ತುಂಬುತ್ತಾರೆ. ಒಂದೇ ಕೈಬರಹ, ಒಂದೇ ಪೆನ್ನು. ಆ ದಿನ ಮಗಳ ಹೆರಿಗೆಗೆ ಅಂತ ಬೇರೆ ಊರಿಗೆ ಹೋದವರನ್ನು ಅನುಮೋದಕರು ಅಂತ ಬರೆದದ್ದನ್ನು ನಾನೇ ಹಿಡಿದಿದ್ದೇನೆ. ನೀವು ಅಳತೆ ಮಾಡಿ ಅಂತ ಹೇಳಿದ ಕೂಡಲೇ ಸರದಿ ಪ್ರಕಾರ ಎಲ್ಲರ ಹೆಸರೂ ಬರೆದುಬಿಡುತ್ತಾರೆ. ಪುಸ್ತಕ ಚೆಂದ ಕಾಣುತ್ತದೆ.

ಹೊನ್ನಾಳಿ ಡೇರಿ

ಆಡಿಟರ್ ಸರ್, ಹಾಜರಿ ಸಹಿ ಜೊತೆ ತಾಳೆ ನೋಡಿದರೆ ಸಿಕ್ಕಿಬೀಳುತ್ತದೆ, ನೀವೇ ಹಿಡಿದಿರಲ್ಲ. ಮತ್ತೆ ನಾನು ಇದನ್ನು ಯಾರಿಗೂ ಮುಂಚೆ ಹೇಳಿಲ್ಲ. ಗುರಿ ಅಂತ ಗೋಡೆಗೆ ಅಂಟಿಸಿದರೆ ಕೆಡುತ್ತದೆ ಅನ್ನೋದು ನಿಜ.

ಜಗಳೂರು ಜೋಳದ ರೊಟ್ಟಿ

ಒಳಗೆ ಇರುವವರನ್ನು ಅಳೆಯುತ್ತಿದ್ದೀರಿ. ಹೊರಗೆ ಉಳಿದವರನ್ನು ಯಾರು ಅಳೆಯುತ್ತಾರೆ?

ನಮ್ಮ ವಿಎಸ್‌ಎಸ್‌ಎನ್ (ಊರಿನ ವ್ಯವಸಾಯ ಸೇವಾ ಸಹಕಾರ ಸಂಘ) ಒಳ್ಳೆಯದೇ. ಬಡ್ಡಿ ಇಲ್ಲದ ಬೆಳೆ ಸಾಲ ಕೊಡುತ್ತದೆ, ಗೊಬ್ಬರ ಕೊಡುತ್ತದೆ. ಆದರೆ ಬೆಳೆ ಸಾಲಕ್ಕೆ ಪಹಣಿ ಬೇಕು. ನಮ್ಮ ಕಡೆ ಮಳೆ ಇಲ್ಲದ ನೆಲ, ಸುಮಾರು ಜನ ಬೇರೆಯವರ ಹೊಲವನ್ನು ಕೋರಿಗೆ ಮಾಡುತ್ತಾರೆ. ಅವರ ಹೆಸರಲ್ಲಿ ಪಹಣಿ ಇಲ್ಲ. ಗಂಡ ಸತ್ತು ಖಾತೆ ಬದಲಾಗದ ಹೆಂಗಸರ ಹೆಸರಲ್ಲೂ ಇಲ್ಲ, ಮೈದುನರು ಸಹಿ ಹಾಕುವುದಿಲ್ಲ. ಬಿತ್ತುವವರು ಇವರು, ಸಾಲ ತೆಗೆಯುವವರು ಊರು ಬಿಟ್ಟು ದಾವಣಗೆರೆಯಲ್ಲಿ ಮನೆ ಮಾಡಿದವರು.

ಸಂಘದ ವರದಿಯಲ್ಲಿ ಇವರು ಎಲ್ಲೂ ಬರುವುದಿಲ್ಲ. ಅರ್ಜಿಯನ್ನೇ ಹಾಕದವರನ್ನು ‘ತಿರಸ್ಕರಿಸಿದ ಅರ್ಜಿಗಳು: ಸೊನ್ನೆ’ ಅಂತ ತೋರಿಸಬಹುದು. ನನ್ನ ಕೇಳಿದರೆ ಮೊದಲ ಹಾಳೆಯಲ್ಲಿ ಎರಡು ಸಾಲು ಇರಬೇಕು. ಊರಲ್ಲಿ ಯಾರ್ಯಾರು ಎಷ್ಟೆಷ್ಟು ಇದ್ದಾರೆ, ಸಂಘದಲ್ಲಿ ಯಾರ್ಯಾರು ಎಷ್ಟೆಷ್ಟು ಇದ್ದಾರೆ. ಊರಿನ ಲೆಕ್ಕ ಪಂಚಾಯಿತಿಯಲ್ಲಿ ಸಿಗುತ್ತದೆ.

ಮೂರು ಗಾಲಿ (ಚಿತ್ರದುರ್ಗ)

ಇಷ್ಟು ದಿನ ಓದಿ ಸುಮ್ನೆ ಇದ್ದೆ. ಈಗ ಬರೆಯಲೇಬೇಕು.

ನನಗೆ ಪೋಲಿಯೋ. ಮೂರು ಚಕ್ರದ ಸ್ಕೂಟರ್ ಇದೆ. ಒಂದು ಪತ್ತಿನ ಸಹಕಾರ ಸಂಘದಲ್ಲಿ ಷೇರುದಾರ. ಅಂಗಡಿಗೆ ಸಾಲ ಕೊಟ್ಟಿದ್ದಾರೆ, ತೀರಿಸಿದ್ದೇನೆ, ಅವರ ವರದಿಯಲ್ಲಿ ‘ಅಂಗವಿಕಲ ಫಲಾನುಭವಿ’ ಅಂತ ನನ್ನ ಫೋಟೋ ಕೂಡ ಬಂದಿದೆ.

ಮಹಾಸಭೆ ಪ್ರತಿ ವರ್ಷ ಮೊದಲನೇ ಮಹಡಿಯ ಹಾಲ್‌ನಲ್ಲಿ. ಲಿಫ್ಟ್ ಇಲ್ಲ. ಮೆಟ್ಟಿಲು ಕಡಿದು, ಹಿಡಿಯೋಕೆ ಕಂಬಿ ಒಂದೇ ಕಡೆ. ಒಂದು ಸಲ ಇಬ್ಬರು ಹುಡುಗರು ಎತ್ತಿಕೊಂಡು ಹೋದರು. ಹಾಗೆ ಎತ್ತಿಸಿಕೊಂಡು ಎಲ್ಲರ ಮುಂದೆ ಹೋಗೋದು ನನಗೆ ಬೇಡ ಅನ್ನಿಸಿತು. ಆಮೇಲೆ ಹೋಗಲಿಲ್ಲ. ಎಲೆಕ್ಷನ್ ಬಂದಾಗ ನೋಡಿದರೆ ಅನರ್ಹ ಮತದಾರರ ಪಟ್ಟಿಯಲ್ಲಿ ನನ್ನ ಹೆಸರು! ಕಾರಣ: ‘ಸಭೆಗಳಿಗೆ ಗೈರುಹಾಜರು’.

ನೋಡಿ ಹೇಗೆ ಬಂತು. ಮೆಟ್ಟಿಲಿನಿಂದ ಗೈರು, ಗೈರಿನಿಂದ ಮತ ಹೋಯಿತು, ಮತ ಇಲ್ಲದವನ ಮಾತು ಯಾರು ಕೇಳುತ್ತಾರೆ, ಹಾಗಾಗಿ ಮೆಟ್ಟಿಲು ಹಾಗೇ ಇದೆ. ಪುಸ್ತಕದಲ್ಲಿ ಮಾತ್ರ ನಾನು ‘ಆಸಕ್ತಿ ಇಲ್ಲದ ಸದಸ್ಯ’. ಸಾಲದ ಲೆಡ್ಜರ್‌ನಲ್ಲಿ ಒಳಗಿದ್ದೇನೆ, ಮತದಾರರ ಪಟ್ಟಿಯಲ್ಲಿ ಹೊರಗಿದ್ದೇನೆ. ಅಕ್ಕ, ನಿಮ್ಮ ವರದಿ ಯಾವ ಪುಸ್ತಕ ನೋಡಿ ಬರೆಯುತ್ತೀರಿ?

ಲೆಕ್ಕದ ಅಕ್ಕ (ದಾವಣಗೆರೆ)

ಅಣ್ಣಾ, ಇದನ್ನು ಓದಿದ ಕೂಡಲೇ ನಮ್ಮ ಅನರ್ಹರ ಪಟ್ಟಿ ತೆಗೆದು ನೋಡಿದೆ. ನಮ್ಮಲ್ಲಿ ಮೆಟ್ಟಿಲಿಲ್ಲ. ಆದರೆ ಮನೆಗೆಲಸದವರ ಹೆಸರೇ ಜಾಸ್ತಿ ಇದೆ. ಸಭೆ ಯಾವಾಗಲೂ ಬೆಳಿಗ್ಗೆ ಹತ್ತೂವರೆಗೆ. ಅವರು ಆ ಹೊತ್ತಿಗೆ ಯಾರದೋ ಮನೆಯಲ್ಲಿ ಪಾತ್ರೆ ತೊಳೆಯುತ್ತಿರುತ್ತಾರೆ. ಭಟ್ಟಿಯವರು ಬರುತ್ತಾರೆ, ಅವರ ಕೆಲಸ ನಸುಕಿಗೇ ಶುರುವಾಗಿ ಆ ಹೊತ್ತಿಗೆ ಒಂದು ಪಾಳಿ ಮುಗಿದಿರುತ್ತದೆ.

ಹರಿಹರದ ಹಳೇ ಆಡಿಟರ್

ಕಾನೂನಿನ ಉದ್ದೇಶ ಬೇರೆ ಇತ್ತು ಅಂತ ಹೇಳಲೇಬೇಕು. ಎಲೆಕ್ಷನ್ ಹತ್ತಿರ ಬಂದಾಗ ಯಾರೋ ಒಬ್ಬರು ನೂರಾರು ಜನರ ಷೇರು ದುಡ್ಡು ತಾನೇ ಕಟ್ಟಿ ರಾತ್ರೋರಾತ್ರಿ ಮತದಾರರನ್ನು ತಯಾರು ಮಾಡುತ್ತಿದ್ದರು. ಸಭೆಗೆ ಬರಬೇಕು, ಕನಿಷ್ಠ ವ್ಯವಹಾರ ಮಾಡಬೇಕು ಅನ್ನುವ ನಿಯಮ ಅಂಥವರಿಗೆ ಕಡಿವಾಣ. ಅದನ್ನು ತೆಗೆಯಿರಿ ಅಂತ ನಾನು ಹೇಳುವುದಿಲ್ಲ.

ಆದರೆ ಸಭೆಯ ಜಾಗ, ಹೊತ್ತು ಆಡಳಿತ ಮಂಡಳಿಯ ಕೈಯಲ್ಲೇ ಇದೆ. ಕೆಳಗಡೆ ಶಾಮಿಯಾನ ಹಾಕಿ ಮಾಡಿದರೆ ಯಾವ ಕಾಯ್ದೆಯೂ ಬೇಡ ಅನ್ನುವುದಿಲ್ಲ. ಅನರ್ಹರ ಪಟ್ಟಿಯಲ್ಲಿ ಯಾವ ಕೆಲಸದವರು, ಯಾವ ಓಣಿಯವರು ಎಷ್ಟು ಅಂತ ತೆಗೆಯೋದು ಒಳ್ಳೆಯ ಅಳತೆ. ಖರ್ಚಿಲ್ಲದ ಅಳತೆ. ನಾನು ಸರ್ವಿಸ್‌ನಲ್ಲಿದ್ದಾಗ ಯಾರೂ ಕೇಳಿರಲಿಲ್ಲ.

ಚಳ್ಳಕೆರೆ ಕಂಬಳಿ

ನಮ್ಮ ಕಥೆ ಕೇಳಿ. ಕಂಬಳಿ ನೇಕಾರರ ಮನೆ. ಉಣ್ಣೆ ಹಿಂಜಿ, ರಾಟೆಯಲ್ಲಿ ನೂಲು ತೆಗೆಯುವವರು ಹೆಂಗಸರು. ಹುಣಸೆ ಬೀಜದ ಗಂಜಿ ಕಾಯಿಸುವವರೂ ಅವರೇ. ಮಗ್ಗದಲ್ಲಿ ಕೂರೋದು ಗಂಡಸು. ಸಂಘ ಇರೋದು ನೇಕಾರರಿಗೆ. ಹಾಗಾಗಿ ಸದಸ್ಯ ಯಾರು? ಗಂಡಸು. ನಮ್ಮ ಅವ್ವ ಕಣ್ಣು ಮಂಜಾಗುವ ತನಕ ನೂಲು ತೆಗೆದಳು, ಒಂದು ಷೇರೂ ಅವಳ ಹೆಸರಲ್ಲಿ ಇರಲಿಲ್ಲ.

ಆಮೇಲೆ ‘ಮಹಿಳೆಯರಿಗೆ 2 ಸ್ಥಾನ’ ಅಂತ ಬಂತು. ಯಾರನ್ನು ಕೂರಿಸಿದರು? ಹಳೇ ನಿರ್ದೇಶಕರ ಹೆಂಡತಿಯರನ್ನು. ಮೀಸಲು ಬೇಡ ಅಂತಲ್ಲ. ಆ ಕುರ್ಚಿ ಇರದಿದ್ದರೆ ಅವರೂ ಇರುತ್ತಿರಲಿಲ್ಲ. ಆದರೆ ನೂಲುವವರನ್ನು ಸದಸ್ಯರು ಅಂತಲೇ ಬರೆದುಕೊಳ್ಳದೆ ಎರಡು ಕುರ್ಚಿ ತೋರಿಸಿ ಒಳಗೊಳ್ಳುವಿಕೆ ಅಂದರೆ ಒಪ್ಪೋದು ಹೇಗೆ?

ದಾವಣಗೆರೆಯನ್ನು ಹತ್ತಿ ಗಿರಣಿ ಕಾಲದಲ್ಲಿ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನುತ್ತಿದ್ದರು. ಅಸಲಿ ಮ್ಯಾಂಚೆಸ್ಟರ್‌ನಲ್ಲಿ 1995ರಲ್ಲಿ ಜಗತ್ತಿನ ಸಹಕಾರಿಗಳೆಲ್ಲ ಸೇರಿ ಏಳು ತತ್ವ ಒಪ್ಪಿಕೊಂಡರು. ಮೊದಲನೆಯದೇ ಮುಕ್ತ ಸದಸ್ಯತ್ವ: ಗಂಡು ಹೆಣ್ಣು, ಜನಾಂಗ, ಧರ್ಮ, ರಾಜಕೀಯ ಅಂತ ಭೇದ ಮಾಡಬಾರದು. ಸಹಕಾರ ಸಪ್ತಾಹದಲ್ಲಿ ಪ್ರತಿ ವರ್ಷ ಭಾಷಣದಲ್ಲಿ ಬರುತ್ತದೆ.

ಕೋಟೆನಾಡಿನ ಹುಡುಗ (ಚಿತ್ರದುರ್ಗ)

ಹೊರಗಿನ ಮೂರು ಮಾದರಿ ಹೇಳುತ್ತೇನೆ, ಬೇಕಾದ್ದು ತಗೊಳ್ಳಿ.

ಅಹಮದಾಬಾದಿನ ಸೇವಾ. ಇಳಾ ಭಟ್ ಅವರು 1972ರಲ್ಲಿ ಕಟ್ಟಿದ ಅಸಂಘಟಿತ ಹೆಂಗಸರ ಸಂಘಟನೆ, 1974ರಲ್ಲಿ ಅವರದೇ ಸಹಕಾರಿ ಬ್ಯಾಂಕ್. ಅವರು ತಮ್ಮನ್ನು ಅಳೆಯೋದು ಹನ್ನೊಂದು ಪ್ರಶ್ನೆಯಿಂದ. ಕೆಲಸ ಹೆಚ್ಚಿತಾ, ಆದಾಯ ಹೆಚ್ಚಿತಾ, ಊಟ ಸುಧಾರಿಸಿತಾ, ಮಗು ನೋಡಿಕೊಳ್ಳೋಕೆ ವ್ಯವಸ್ಥೆ ಆಯಿತಾ, ಅವಳ ಸ್ವಂತ ಹೆಸರಲ್ಲಿ ಆಸ್ತಿ ಆಯಿತಾ, ನಾಯಕಿಯಾದಳಾ, ಸ್ವಂತ ಕಾಲ ಮೇಲೆ ನಿಂತಳಾ, ಹೀಗೆ. ಪ್ರಶ್ನೆ ಇರೋದು ಸದಸ್ಯೆಯ ಕಡೆಯಿಂದ, ಸಂಘದ ಲಾಭದ ಕಡೆಯಿಂದ ಅಲ್ಲ.

ಕೇರಳದ ಕುಟುಂಬಶ್ರೀ, 1998ರಲ್ಲಿ ಶುರು. ಅಲ್ಲಿ ಬಡವರು ಯಾರು ಅಂತ ಗುರುತಿಸೋಕೆ ಆದಾಯ ಕೇಳಲಿಲ್ಲ. ಕೇಳಿದರೆ ಯಾರು ನಿಜ ಹೇಳುತ್ತಾರೆ? ಒಂಬತ್ತು ಗುರುತು ಇಟ್ಟುಕೊಂಡರು. ಗಟ್ಟಿ ಮನೆ ಇಲ್ಲ, ಶೌಚಾಲಯ ಇಲ್ಲ, ಕುಡಿಯುವ ನೀರು ಹತ್ತಿರ ಇಲ್ಲ, ಓದು ಬರದ ದೊಡ್ಡವರಿದ್ದಾರೆ, ಎರಡು ಹೊತ್ತು ಊಟ ಇಲ್ಲ, ಇಂಥವು. ನಾಲ್ಕು ಇದ್ದರೆ ಆ ಮನೆ ಪಟ್ಟಿಗೆ. ಓಣಿಯವರೇ ನೋಡಿ ಹೇಳಬಹುದು.

ಇಟಲಿಯಲ್ಲಿ 1991ರ ಕಾಯ್ದೆ ಪ್ರಕಾರ ಸಾಮಾಜಿಕ ಸಹಕಾರ ಸಂಘಗಳಿವೆ. ಅದರಲ್ಲಿ ‘ಬಿ’ ಬಗೆಯ ಸಂಘದಲ್ಲಿ ಕೆಲಸಗಾರರ ಪೈಕಿ ಕನಿಷ್ಠ ಶೇ. 30ರಷ್ಟು ಜನ ಅಂಗವಿಕಲರು, ಮಾನಸಿಕ ಕಾಯಿಲೆಯಿಂದ ಬಳಲುವವರು, ಜೈಲಿನಿಂದ ಕೆಲಸಕ್ಕೆ ಬರುವವರು, ಇಂಥವರೇ ಇರಬೇಕು. ಅಲ್ಲಿ ಒಬ್ಬ ಕೆಲಸ ಕಲಿತು ಬೇರೆ ಕಡೆ ಒಳ್ಳೆಯ ನೌಕರಿಗೆ ಹೋದರೆ ಅದು ಗೆಲುವು. ನಮ್ಮ ಪುಸ್ತಕದಲ್ಲಿ ಅದು ‘ಸದಸ್ಯರು ಕಡಿಮೆ’. ಹಾಗಾಗಿ ಎಷ್ಟು ಜನ ಬಿಟ್ಟರು ಅನ್ನೋದರ ಜೊತೆ ಯಾಕೆ ಬಿಟ್ಟರು ಅಂತ ಬರೆಯದೆ ಆ ಸಂಖ್ಯೆಗೆ ಅರ್ಥ ಇಲ್ಲ.

ಮಿರ್ಚಿ ಮಂಡಕ್ಕಿ

ಹನ್ನೊಂದು ಪ್ರಶ್ನೆ, ಒಂಬತ್ತು ಗುರುತು, ಕಳೆಯುವ ಲೆಕ್ಕ. ಇಷ್ಟೆಲ್ಲಾ ತುಂಬೋಕೆ ಆ ಹೆಂಗಸರ ಅರ್ಧ ದಿನದ ಕೂಲಿ ಹೋಗುತ್ತದೆ. ಅದನ್ನು ಯಾರ ಖಾತೆಗೆ ಖರ್ಚು ಹಾಕುತ್ತೀರಿ?

ಜಗಳೂರು ಜೋಳದ ರೊಟ್ಟಿ

ಮಿರ್ಚಿ ಹೇಳಿದ್ದು ಸರಿ. ನಮ್ಮ ಹಟ್ಟಿಗೆ ಫಾರಂ ಹಿಡಿದು ಬರುವವರು ಒಬ್ಬರಾದ ಮೇಲೆ ಒಬ್ಬರು. ‘ನಿಮ್ಮ ಜೀವನ ಸುಧಾರಿಸಿದೆಯೇ? ಬಹಳ, ಸ್ವಲ್ಪ, ಇಲ್ಲ.’ ಕೇಳುವವನ ಹಿಂದೆ ಸಂಘದ ಅಧ್ಯಕ್ಷ ನಿಂತಿರುತ್ತಾನೆ. ಯಾರು ಇಲ್ಲ ಅನ್ನುತ್ತಾರೆ?

ಜಾತಿಯನ್ನಂತೂ ಎಲ್ಲರ ಮುಂದೆ ಕೇಳಬೇಡಿ. ಪಟ್ಟಿಯಲ್ಲಿ ಪರಿಶಿಷ್ಟ ಜಾತಿ ಎಷ್ಟು ಅಂತ ಇರುತ್ತದೆ, ಸಾಕು. ನೋಡಬೇಕಾದ್ದು ಬೇರೆ. ಸಭೆಯಲ್ಲಿ ಯಾರು ಕುರ್ಚಿಯಲ್ಲಿ, ಯಾರು ಬಾಗಿಲ ಹತ್ತಿರ ನಿಂತೇ ಇರುತ್ತಾರೆ? ಸಭೆ ಊಟದಲ್ಲಿ ಬಡಿಸುವವರು ಯಾರು? ಇದಕ್ಕೆ ಫಾರಂ ಬೇಡ, ಕಣ್ಣಿದ್ದರೆ ಸಾಕು. ಆದರೆ ಯಾವ ಸಂಘವೂ ಇದನ್ನು ವರದಿಯಲ್ಲಿ ಬರೆಯುವುದಿಲ್ಲ.

ಮೂರು ಗಾಲಿ (ಚಿತ್ರದುರ್ಗ)

ಫೋಟೋ ಹಾಕುವ ಮುಂಚೆ ಒಂದು ಮಾತು ಕೇಳಿ ಅಂತಲೂ ಸೇರಿಸಿ. ನನ್ನನ್ನು ಕೇಳಿರಲಿಲ್ಲ.

ಲೆಕ್ಕದ ಅಕ್ಕ (ದಾವಣಗೆರೆ)

ಎಲ್ಲಾ ಓದಿದೆ. ಕಂಪನಿಗೆ ಎರಡು ಪುಟ ಸಾಕು ಅಂದುಕೊಂಡಿದ್ದೇನೆ. ‘₹1ಕ್ಕೆ ಇಷ್ಟು’ ಅನ್ನುವ ಅಂಕಿ ಹಾಕುವುದಿಲ್ಲ. ಕೇಳಿದರೆ ಗೃಹಲಕ್ಷ್ಮಿ ಕಥೆ ಹೇಳುತ್ತೇನೆ.

ನಮಗೆ ಅಂತ ಬೇರೆ ಮಾಡುತ್ತೇನೆ. ಅನರ್ಹರ ಪಟ್ಟಿಯನ್ನು ಕೆಲಸದ ಪ್ರಕಾರ ವಿಂಗಡಿಸಿ ಮುಂದಿನ ಆಡಳಿತ ಮಂಡಳಿ ಸಭೆಗೆ ಇಡುತ್ತೇನೆ, ಮಹಾಸಭೆ ಸಂಜೆ ಮಾಡಿ ಅನ್ನುವ ಠರಾವಿನ ಜೊತೆ. ಸೂಚಕರು ಯಾರಾದರೂ ಮನೆಗೆಲಸದವರೇ ಆಗಲಿ ಅಂತ ಇಬ್ಬರ ಹತ್ತಿರ ಮಾತಾಡಿದ್ದೇನೆ. ಹೊರಗಿನ ಸಾಲ ಇನ್ನೂ ಇದೆಯಾ ಅನ್ನುವ ಒಂದೇ ಪ್ರಶ್ನೆಯನ್ನು ಸಾಲದ ಅರ್ಜಿಗೇ ಸೇರಿಸಿದರೆ ಬೇರೆ ಸಮೀಕ್ಷೆ ಬೇಡ.

ಮತ್ತೆ ಸದಸ್ಯತ್ವ ರಿಜಿಸ್ಟರ್‌ನಲ್ಲಿ ಷೇರು ವಾಪಸ್ ತಗೊಂಡವರ ಹೆಸರು ಕೆಂಪು ಶಾಯಿಯಲ್ಲಿ ಹೊಡೆದಿರುತ್ತದೆ. ಅವರ ಮನೆಗಳಿಗೆ ಹೋಗಬೇಕು. ಯಾಕೆ ಬಿಟ್ಟಿರಿ ಅಂತ ಕೇಳಬೇಕು.

ಹರಿಹರದ ಹಳೇ ಆಡಿಟರ್

ಸಾಲದ ಅರ್ಜಿಯಲ್ಲಿ ಕೇಳಿದರೆ ಹೊರಗಿನ ಸಾಲ ‘ಇಲ್ಲ’ ಅಂತಲೇ ಬರೆಯುತ್ತಾರೆ. ಇದೆ ಅಂದರೆ ಸಾಲ ಸಿಗಲಿಕ್ಕಿಲ್ಲ ಅನ್ನುವ ಭಯ. ಸಾಲ ಕೊಟ್ಟ ಮೇಲೆ, ಬೇರೆ ಹೊತ್ತಲ್ಲಿ ಕೇಳಿ.

ಚಳ್ಳಕೆರೆ ಕಂಬಳಿ

ಬಿಟ್ಟು ಹೋದವರ ಮನೆಗೆ ಯಾರು ಹೋಗುತ್ತೀರಿ? ಸಂಘದವರೇ ಹೋದರೆ ಬಾಕಿ ವಸೂಲಿಗೆ ಬಂದಿದ್ದಾರೆ ಅಂತ ಹಿಂದಿನ ಬಾಗಿಲಿಂದ ಓಡಿಯಾರು.

ಲೆಕ್ಕದ ಅಕ್ಕ (ದಾವಣಗೆರೆ)

ನಾನು, ನನ್ನ ಜೊತೆ ಭಟ್ಟಿಯ ಒಬ್ಬ ಸದಸ್ಯೆ. ಆದರೆ ಅಧ್ಯಕ್ಷರು ‘ನಾನೂ ಬರುತ್ತೇನೆ, ಕಾರು ಇದೆ’ ಅಂತ ಕೂತಿದ್ದಾರೆ. ಅವರಿಗೆ ಬೇಜಾರಾಗದ ಹಾಗೆ ತಪ್ಪಿಸೋದು ಹೇಗೆ ಅಂತ ಯಾರಾದರೂ ಹೇಳಿ.